ರೇಂಜ್ ಇದ್ದ ಮನೆ

ಅಕ್ಕಿಆಲೂರಿನ ನಾಗಪ್ಪನ ಹೊಸ ಮನೆಗೆ ಯಾರೇ ಬರಲಿ, ಮೊದಲು ಗೋಡೆಯ ದರ್ಶನ, ಆಮೇಲೆ ಚಹಾ. ಮೂವತ್ತೆರಡು ವರ್ಷ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿ ದುಡಿದ ಮನುಷ್ಯ ಆತ. ಗಿರಣಿಯ ಸದ್ದು, ತೌಡಿನ ಧೂಳು, ಬಾಯ್ಲರಿನ ಕಾವು ಎಲ್ಲ ಸಾಕಾಗಿಹೋಗಿದೆ ಎನ್ನುತ್ತಲೇ ಅದೇ ಗಿರಣಿಯ ಬೆನ್ನಿಗೆ ಹತ್ತಿದ ಜಾಗದಲ್ಲಿ ಮನೆ ಕಟ್ಟಿಸಿದ. ಕಟ್ಟಿಸಿದ ರೀತಿ ಮಾತ್ರ ಊರಲ್ಲಿ ಯಾರೂ ಕಟ್ಟಿಸದ ರೀತಿ. ಒಂದರ ಹಿಂದೆ ಒಂದು ಎರಡು ಗೋಡೆ, ನಡುವೆ ಗೇಣಗಲ ಸಂದು, ಆ ಸಂದಿನ ತುಂಬ ಒತ್ತಿ ತುಂಬಿದ ಭತ್ತದ ಹೊಟ್ಟು. ಒಳಗೋಡೆಗೂ ಮಾಳಿಗೆಯ ಅಡಿಗೂ ಶಾಖ ತಡೆಯುವ ಬೆಳ್ಳಿಬಣ್ಣದ ಹಾಳೆ. ಕಿಟಕಿಗೆ ಎರಡೆರಡು ಗಾಜು, ಬಾಗಿಲಿಗೆ ಕಬ್ಬಿಣದ ಕದ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಆತನ ಅಪ್ಪಣೆ ಬೇಕು. ತೂತು ಬಿದ್ದರೆ ಹೊಟ್ಟು ಸುರಿಯುತ್ತದೆ, ಇರುವೆ ಹತ್ತುತ್ತವೆ ಎಂದು ಆತನ ವಾದ.

ಬಂದವರನ್ನು ಪಡಸಾಲೆಯಲ್ಲಿ ಕೂಡಿಸಿ, ಕದ ಮುಚ್ಚಿ ಕೇಳುತ್ತಿದ್ದ: "ಕಿವಿಗೊಟ್ಟು ಕೇಳ್ರಿ. ಗಿರಣಿ ನಡದೈತೋ, ನಿಂತೈತೋ?"

ಅವರು ನಿಂತೈತ್ರಿ ಅನ್ನಬೇಕು, ಈತ ಕದ ತೆರೆಯಬೇಕು, ಗಿರಣಿಯ ಧಡಧಡ ಒಳಗೆ ನುಗ್ಗಬೇಕು. ಈ ಆಟವನ್ನು ಹೆಂಡತಿ ಸರೋಜವ್ವ ನೂರು ಸಲ ನೋಡಿದ್ದಳು. ಆದರೂ ಚಹಾದ ಕಪ್ಪು ಹಿಡಿದು ಹೊರಗೆ ಬರುವಾಗ ಆಕೆಯ ಮುಖದಲ್ಲೂ ಒಂದು ಸಣ್ಣ ಹೆಮ್ಮೆ ಇದ್ದೇ ಇರುತ್ತಿತ್ತು. ಯಾಕಿರಬಾರದು? ಬಾಡಿಗೆ ಮನೆಗಳಲ್ಲಿ ತೌಡು ಕೆಮ್ಮುತ್ತ ಮುದುಕಿಯಾಗುತ್ತಿದ್ದವಳು ಆಕೆ.

ಬಿಸಿಲು, ಸದ್ದು, ಧೂಳು ಮೂರನ್ನೂ ಹೊರಗಿಟ್ಟ ಆ ಮನೆ ಇನ್ನೊಂದನ್ನೂ ಹೊರಗಿಟ್ಟಿತು. ಮೊಬೈಲ್ ಹಿಡಿದು ಹೊಸ್ತಿಲು ದಾಟಿದರೆ ರೇಂಜ್ ಹೋಗಿಬಿಡುತ್ತಿತ್ತು. ನಾಗಪ್ಪನಿಗೆ ಇದರಿಂದ ಏನೂ ಆಗಲಿಲ್ಲ. ಆತನಿಗೆ ಫೋನ್ ಮಾಡುವವರು ಕಡಿಮೆ, ಮಾಡಿದವರ ಜೊತೆ ಆತ ಮಾತಾಡುವುದು ಇನ್ನೂ ಕಡಿಮೆ. ಪೇಚಿಗೆ ಬಿದ್ದವಳು ಸೊಸೆ ನೀಲಾಂಬಿಕಾ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದಳು. ಹಾನಗಲ್ಲಿನ ಹೆಂಗಸರು ಕುತ್ತಿಗೆಯ ನಮೂನೆ, ತೋಳಿನ ನಮೂನೆ ಎಲ್ಲ ಫೋನಿನಲ್ಲೇ ಕಳಿಸುವರು. ಆಕೆ ದಿನಕ್ಕೆ ಹತ್ತು ಸಲ ಮಾಳಿಗೆ ಹತ್ತಿ, ಸೆರಗು ತಲೆಗೆ ಹೊದ್ದು, ಬಿಸಿಲಲ್ಲಿ ನಿಂತು ಮಾತಾಡಬೇಕು.

ಹೀಗಿರುವಾಗ ಒಂದು ದಿನ ಎದುರು ಮನೆಯ ಸುಶೀಲವ್ವ ನಲ್ಲಿಯ ಹತ್ತಿರ ಕೇಳಿಯೇಬಿಟ್ಟಳು: "ಅಲ್ಲವಾ ಸರೋಜವ್ವ, ನಿನ್ನ ಸೊಸಿ ಮಾಳಿಗಿ ಮ್ಯಾಲೆ ನಿಂತು ದಿನಾ ಯಾರ ಕೂಡ ನಗತಾಳ?"

ಸರೋಜವ್ವನ ಕಿವಿ ಬಿಸಿಯಾಯಿತು. ಅಂದು ಊಟಕ್ಕೆ ಕೂತಾಗ ರೊಟ್ಟಿಯನ್ನು ತಾಟಿಗೆ ಹಾಕಲಿಲ್ಲ, ಒಗೆದಳು.

"ನಾಳೆಯಿಂದ ಮಾಳಿಗಿ ಹತ್ತೂದು ಬಂದ್," ಎಂದಳು ಸೊಸೆಗೆ.

"ಹಂಗಾದ್ರ ಹೊಲಿಯೂದೂ ಬಂದ್ ಮಾಡಬೇಕಾಗ್ತದ್ರಿ ಅತ್ತೀ," ನೀಲಾಂಬಿಕಾ ಶಾಂತವಾಗಿಯೇ ಹೇಳಿದಳು. "ಒಳಗ ರೇಂಜ್ ಬರವಲ್ದು. ನಾ ಏನ್ ಮಾಡ್ಲಿ?"

"ಫೋನ್ ಹಚ್ಚಾಕ ನಾ ಮನಿ ಕಟ್ಟಸೇನೇನು?" ನಾಗಪ್ಪ ಪಲ್ಯಕ್ಕೆ ಕೈ ಚಾಚುತ್ತ ಅಂದ.

"ನೀವು ಕಟ್ಟಸಿದ್ದು ಮನಿ ಅಲ್ರಿ, ಟ್ರಂಕು," ಎಂದಳು ಸರೋಜವ್ವ. "ಸಂಜಯಾ, ಇದಕ್ಕೇನರ ಮಾಡಪಾ. ಓಣ್ಯಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ ನಾನು?"

ಮಗ ಸಂಜಯನಿಗೆ ಹಾನಗಲ್ಲಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಒಂದು ವಾರ ಸುಮ್ಮನಿದ್ದ. ತಾಯಿ ದಿನಾ ಊಟದ ಹೊತ್ತಿಗೆ ಅದೇ ರಾಗ ತೆಗೆದಾಗ, ಹುಬ್ಬಳ್ಳಿಗೆ ಸಾಮಾನು ತರಲು ಹೋದವನು ಜೊತೆಗೆ ಒಂದು ಡಬ್ಬಿ ತಂದ. ಊಟದ ಡಬ್ಬಿಯಷ್ಟೇ ದೊಡ್ಡದು, ಮೇಲೆ ಹಸಿರು ದೀಪ. ಮಾಳಿಗೆಯ ಮೇಲೆ ಒಂದು ಆ್ಯಂಟೆನಾ, ಅದರಿಂದ ತಂತಿ. ತಂತಿಗೆ ಗೋಡೆ ಕೊರೆಯಲು ನಾಗಪ್ಪ ಬಿಡಲಿಲ್ಲ. ಕೊನೆಗೆ ಅದನ್ನು ಮೆಟ್ಟಿಲ ಬಾಗಿಲಿನ ಸಂದಿಯಿಂದ ಇಳಿಸಿ, ಡಬ್ಬಿಯನ್ನು ಅಡುಗೆಮನೆಯ ಗೋಡೆಯ ಹತ್ತಿರ ಇಟ್ಟು, ಅಲ್ಲಿಯ ಪ್ಲಗ್ಗಿಗೆ ಹಚ್ಚಿದರು. ಮನೆಯ ನಾಲ್ಕೂ ಫೋನುಗಳಲ್ಲಿ ರೇಂಜಿನ ಗೀಟುಗಳು ಪೂರ್ತಿ ನಿಂತವು. ನೀಲಾಂಬಿಕಾ ಯಂತ್ರದ ಮುಂದೆ ಕೂತಲ್ಲೇ ಮಾತಾಡಿದಳು. ಸರೋಜವ್ವ ಹಿರೇಕೆರೂರಿನ ತಂಗಿಗೆ ಫೋನ್ ಹಚ್ಚಿ, ಒಲೆಯ ಮುಂದೆ ನಿಂತು ಅರ್ಧ ತಾಸು ಮಾತಾಡಿ, ಸಾರು ಉಕ್ಕಿಸಿದಳು.

ಇದಾಗಿ ನಾಲ್ಕು ದಿನಕ್ಕೆ ಓಣಿಯ ಫೋನುಗಳೆಲ್ಲ ಕೆಟ್ಟವು. ಒಮ್ಮೆ ಬರುವುದು, ಹತ್ತು ಸಲ ಹೋಗುವುದು. ಬಂದರೂ ಅತ್ತಲಿನ ಮಾತು ತುಂಡು ತುಂಡು. ಟವರ್ ಕೆಟ್ಟಿದೆ ಎಂದರು ಕೆಲವರು. ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ಪಕ್ಕದ ಮನೆಯ ರಹಿಮಾಬಿ. ಆಕೆಯ ಗಂಡ ನಬೀಸಾಬ ಊರೂರು ತಿರುಗಿ ಗಾದಿ ಹೊಲಿಯುವವನು. ಮನೆಗೆ ಒಂದೇ ಫೋನು, ಅದು ಇರುತ್ತಿದ್ದುದು ರಹಿಮಾಬಿಯ ಹತ್ತಿರ. ಒಬ್ಬಳೇ ಮಗಳು ಶಬೀನಾಳನ್ನು ಸವಣೂರಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರು, ಆರು ತಿಂಗಳು. ಎಂಟಕ್ಕೆ ತವರಿಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ದಿನಾ ಸಂಜೆ ಐದಕ್ಕೆ ಮಗಳು ಫೋನ್ ಮಾಡಬೇಕು, ತಾಯಿ ಏನು ತಿಂದಿ, ಕಾಲು ಬಾತಾವೇನು ಎಂದು ಕೇಳಬೇಕು.

"ಸರೋಜಕ್ಕ, ನಿಮ್ಮನ್ಯಾಗ ರೇಂಜ್ ಬರ್ತದಂತಲ್ಲ, ಒಂದೀಟು ಒಳಗ ಬರ್ಲೇನು?" ಎಂದು ಮೊದಲ ದಿನ ಹೊಸ್ತಿಲ ಹೊರಗೇ ನಿಂತು ಕೇಳಿದಳು.

"ಬಾರವಾ, ಕೇಳೂದೇನು ಅದರಾಗ," ಎಂದಳು ಸರೋಜವ್ವ.

ಆಮೇಲೆ ಓಣಿಯ ಒಬ್ಬೊಬ್ಬರೇ ಬರತೊಡಗಿದರು. ಸುಶೀಲವ್ವನೂ ಬಂದಳು. ಮಾಳಿಗೆಯ ಮಾತೆತ್ತಿದ್ದ ಅದೇ ಸುಶೀಲವ್ವ ಈಗ ಗ್ಯಾಸಿನ ಸಿಲಿಂಡರ್ ಹೇಳಲು ಫೋನ್ ಹಿಡಿದು ಬಂದು, ಕುರ್ಚಿಯ ತುದಿಯಲ್ಲಿ ಕೂತು, ಮನೆಯೆಂದರೆ ಇದು ನೋಡು ಎಂದು ಹೊಗಳಿ ಹೋದಳು. ನಾಗಪ್ಪ ಕದ ಮುಚ್ಚಿ ಎಲ್ಲರಿಗೂ ಗಿರಣಿಯ ಸದ್ದಿನ ಆಟ ತೋರಿಸಿದ. ಸರೋಜವ್ವ ಸಂಜೆಯ ಚಹಾಕ್ಕೆ ಅರ್ಧ ಲೀಟರ್ ಹಾಲು ಹೆಚ್ಚಿಗೆ ಹೇಳಿದಳು. ಹುಟ್ಟಿದಾಗಿನಿಂದ ಆಕೆಯ ಮನೆಗೆ ಇಷ್ಟು ಜನ ಇಷ್ಟು ವಿನಯದಿಂದ ಬಂದದ್ದಿರಲಿಲ್ಲ. ಅದು ಆಕೆಗೆ ರುಚಿಸಿತು. ಮುಚ್ಚುಮರೆ ಯಾಕೆ, ಬಹಳ ರುಚಿಸಿತು.

ಹದಿನೈದು ದಿನ ಕಳೆದಿರಬೇಕು. ಗುರೆಳ್ಳು ಚಟ್ನಿಪುಡಿ ಮಾಡಲು ಹೊರಟ ಸರೋಜವ್ವ ಮಿಕ್ಸರ್ ಹಚ್ಚಲು ಡಬ್ಬಿಯ ಪ್ಲಗ್ ಕಿತ್ತಳು. ಬೇರೆ ಪ್ಲಗ್ಗು ದೂರ, ಅಲ್ಲಿಗೆ ಮಿಕ್ಸರಿನ ತಂತಿ ಮುಟ್ಟುವುದಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಪುಡಿ ಇನ್ನೂ ನುಣ್ಣಗಾಗಿಲ್ಲ, ಗೋಡೆಯಾಚೆ ರಹಿಮಾಬಿಯ ಫೋನು ಜೋರಾಗಿ ಹೊಡೆದುಕೊಂಡಿತು.

"ಬಂತು ನೋಡಕ್ಕ, ನಮ್ಮನ್ಯಾಗೂ ಬಂತು," ರಹಿಮಾಬಿ ಅಲ್ಲಿಂದಲೇ ಕೂಗಿ ಹೇಳಿದಳು. ಮಗಳ ಜೊತೆ ಮಾತು ಶುರು ಮಾಡಿದಳು. ಸರೋಜವ್ವ ಪುಡಿ ತೆಗೆದು, ಮಿಕ್ಸರಿನ ಪ್ಲಗ್ ಕಿತ್ತು, ಡಬ್ಬಿಗೆ ಮತ್ತೆ ಹಚ್ಚಿದಳು. ಆಚೆ ಮಾತು ನಡುವೆಯೇ ಕಡಿಯಿತು. "ಹಲೋ, ಹಲೋ, ಶಬೀನಾ," ಎಂದು ರಹಿಮಾಬಿ ಕೂಗುವುದು ಕೇಳಿಸಿತು.

ಸರೋಜವ್ವ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಒಲೆಯ ಮೇಲೆ ಇಟ್ಟದ್ದು ಯಾವುದು, ಉಕ್ಕಿದ್ದು ಯಾವುದು ಎಂದು ತಿಳಿಯಲು ಶಾಲೆ ಬೇಕಿಲ್ಲ. ಮರುದಿನ ಏನೂ ರುಬ್ಬುವುದಿಲ್ಲದಿದ್ದರೂ ಪ್ಲಗ್ ಕಿತ್ತು ನೋಡಿದಳು. ಅದರ ಮರುದಿನವೂ ನೋಡಿದಳು. ಮೂರು ಸಲವೂ ಕಿತ್ತರೆ ಆಚೆ ಫೋನ್ ಬಂತು, ಹಚ್ಚಿದರೆ ಹೋಯಿತು.

ಅಂದು ಸಂಜಯ ಕೈತೊಳೆಯುವಾಗ ಮೆಲ್ಲಗೆ ಹೇಳಿದಳು: "ಓಣ್ಯಾಗ ಫೋನ್ ಕೆಡಸೂದು ಈ ಡಬ್ಬಿನ ಅನಸ್ತದಪಾ."

ಸಂಜಯ ಟವೆಲಿಗೆ ಕೈ ಒರೆಸಿಕೊಂಡ. ಆತನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. "ಅಂಗಡ್ಯಾವ ಅಂದಿದ್ದ. ಇಂಥಾವು ಹಚ್ಚಾಕ ಸರ್ಕಾರದ್ದು ಪರವಾನಗಿ ಇಲ್ಲ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂದಿದ್ದ. ಅವ್ವ, ನೀ ಸುಮ್ನಿರು. ಅಪ್ಪಗ ಹೇಳಬ್ಯಾಡ. ಅವರಿಗೇನ್ ಲುಕ್ಸಾನಾತು? ಬಂದು ಇಲ್ಲೇ ಮಾತಾಡಾಕತ್ತಾರಲ್ಲ."

ಬಾಗಿಲ ಹತ್ತಿರ ನಿಂತಿದ್ದ ನೀಲಾಂಬಿಕಾ ಒಳಗೆ ಬಂದಳು. "ಅತ್ತೀ, ತಗಸಿಬಿಡ್ರಿ. ನಾ ಮ್ಯಾಲೆ ಹೋಗಿ ಮಾತಾಡ್ತೇನಿ, ನನಗೇನು ಬ್ಯಾಸರಿಲ್ಲ. ಮಂದೀದು ಕೆಡಿಸಿ ನಮ್ಮದು ಚಂದ ಮಾಡ್ಕೊಂಡು ಏನ್ ಮಾಡೂದೈತ್ರಿ?"

ಡಬ್ಬಿಯಿಂದ ಎಲ್ಲರಿಗಿಂತ ಹೆಚ್ಚು ಅನುಕೂಲವಾಗಿದ್ದದ್ದು ಈ ಹುಡುಗಿಗೆ. ತೆಗೆಯಿರಿ ಎಂದವಳೂ ಇವಳೇ.

"ಮತ್ತ ಮಾಳಿಗಿ ಹತ್ತಿ ಆ ಸುಶೀಲವ್ವನ ಬಾಯಿಗೆ ಬೀಳ್ತೀಯೇನು?" ಎಂದಳು ಸರೋಜವ್ವ. "ಇರ್ಲಿ ಬಿಡು. ಬಂದೋರಿಗೆ ನಾವೇನು ಇಲ್ಲ ಅಂದೇವೇನು?"

ಹೀಗೆ ಅಂದದ್ದು ಸೊಸೆಯ ಮಾನಕ್ಕಾಗಿ ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ನಿಜವಾದ ಕಾರಣ ಸಂಜೆ ಐದಕ್ಕೆ ಪಡಸಾಲೆಯಲ್ಲಿ ತುಂಬುವ ಕುರ್ಚಿಗಳು. ಅದು ಆಕೆಗೂ ಗೊತ್ತಿತ್ತು, ಹಾಗಾಗಿ ಆ ರಾತ್ರಿ ಸೊಸೆಯ ಮುಖ ನೋಡದೆ ಊಟ ಬಡಿಸಿದಳು.

ಮುಂದಿನ ವಾರ ನಬೀಸಾಬ ಒಂದು ಅರ್ಜಿ ಬರೆಸಿಕೊಂಡು ಬಂದ. ಫೋನ್ ಕಂಪನಿಯವರಿಗೆ ಓಣಿಯ ಜನರೆಲ್ಲ ಸೇರಿ ಬರೆದದ್ದು: ನಮ್ಮ ಓಣಿಯಲ್ಲಿ ನೆಟ್‌ವರ್ಕ್ ಇಲ್ಲದೆ ಬಸುರಿಯರಿಗೂ ವಯಸ್ಸಾದವರಿಗೂ ತೊಂದರೆಯಾಗಿದೆ, ದಯಮಾಡಿ ಟವರ್ ಸರಿಪಡಿಸಬೇಕು.

"ಮೊದಲ್ನೇ ಸಹಿ ನಿಮ್ಮದಿರ್ಲಿ ನಾಗಪ್ಪಣ್ಣ," ಎಂದ ನಬೀಸಾಬ. "ನಿಮ್ಮನ್ಯಾಗ ರೇಂಜ್ ಐತಿ, ನಿಮಗೇನೂ ಗರಜಿಲ್ಲ. ಆದ್ರೂ ಓಣಿ ಹಿರ್ಯಾರು ನೀವು."

ನಾಗಪ್ಪ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಪೂರ್ತಿ ಓದಿದ. "ಬಸುರಿಯರಿಗೂ ಅಂತ ಬರ್ದೀರಿ, ಛಲೋ ಆತು. ಕಂಪನಿಯವ್ರಿಗೆ ಒಂದೀಟು ನಾಚಿಕಿ ಬರ್ಲಿ," ಎಂದು ಎಲ್ಲರಿಗಿಂತ ಮೇಲೆ ದೊಡ್ಡದಾಗಿ ಸಹಿ ಹಾಕಿದ. ಪೆನ್ನು ತಂದುಕೊಟ್ಟವಳು ಸರೋಜವ್ವ. ಆಮೇಲೆ ಒಳಗೆ ಹೋಗಿ, ನೀರಿನ ಕೊಡವನ್ನು ಎತ್ತಿ ಇಳಿಸಿ, ಕೆಲಸವಿಲ್ಲದೆ ಎತ್ತಿ ಇಳಿಸಿ ನಿಂತಳು. ನಬೀಸಾಬನಿಗೆ ಚಹಾ ನೀಲಾಂಬಿಕಾ ಕೊಟ್ಟಳು.

ಅರ್ಜಿ ಕೊಟ್ಟು ಮೂರು ವಾರಕ್ಕೆ ಹಂಸಭಾವಿಯಲ್ಲಿ ನಾಗಪ್ಪನ ಅಕ್ಕನ ಮಗನ ಮನೆ ಒಕ್ಕಲು. ಎರಡು ದಿನದ ಕಾರ್ಯ, ಮನೆಮಂದಿಯೆಲ್ಲ ಹೊರಟರು. ಹಿಂದಿನ ದಿನ ರಹಿಮಾಬಿ ಮಾತು ಮುಗಿಸಿ ಎದ್ದವಳು ಕೇಳಿದಳು: "ಸರೋಜಕ್ಕ, ಎರಡು ದಿನ ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ತೀಯೇನು? ಐದಕ್ಕ ಬಂದು, ಪಡಸಾಲ್ಯಾಗ ನಿಂತು ಮಾತಾಡಿ, ಹಾಕ್ಕೊಂಡು ಹೋಗ್ತೇನಿ. ಶಬೀನಾಗ ನಿನ್ನೆಯಿಂದ ನಡ ನೋಯಾಕತ್ತೈತಂತ."

"ನಮ್ಮವ್ರು ಯಾರ ಕೈಯಾಗೂ ಕೀಲಿ ಕೊಡಂಗಿಲ್ಲವಾ. ಅವ್ರ ಸ್ವಭಾವ ನಿನಗ ಗೊತ್ತೈತಲ್ಲ," ಎಂದಳು ಸರೋಜವ್ವ. ಆಕೆಯ ಲೆಕ್ಕ ಬೇರೆ ಇತ್ತು. ಹೋಗುವಾಗ ಡಬ್ಬಿ ಬಂದ್ ಮಾಡಿದರಾಯಿತು, ಎರಡು ದಿನ ರಹಿಮಾಬಿಯ ಫೋನಿಗೇ ಬರುತ್ತದೆ, ಕೀಲಿಯ ಮಾತೇ ಬೇಡ. ಇಷ್ಟನ್ನು ಮಾತ್ರ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಹೊರಡುವ ಬೆಳಿಗ್ಗೆ ಗಡಿಬಿಡಿ. ನಾಗಪ್ಪ ಎಲ್ಲರನ್ನೂ ಹೊರಗೆ ಹಾಕಿ, ಕದ ಎಳೆದು, ಕೀಲಿ ಹಾಕಿ, ಮೂರು ಸಲ ಜಗ್ಗಿ ನೋಡಿದ. ಬಸ್ ನಿಲ್ದಾಣದಲ್ಲಿ ಹೂವಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತಾಗ ಸರೋಜವ್ವನಿಗೆ ನೆನಪಾಯಿತು. ಡಬ್ಬಿ ಹಚ್ಚಿಯೇ ಇತ್ತು. ಎದ್ದು ನಿಂತಳು.

"ರೀ, ಕೀಲಿ ಕೊಡ್ರಿ. ನಾ ಒಮ್ಮೆ ಮನಿಗೆ ಹೋಗಿ ಬರ್ತೇನಿ."

"ಯಾಕ?"

ಹೇಳಿದರೆ ಡಬ್ಬಿಯ ಕಥೆ ಪೂರ್ತಿ ಹೇಳಬೇಕು, ಅರ್ಜಿಯ ಸಹಿಯ ಕಥೆಯೂ ಬರುತ್ತದೆ, ಅದೂ ಬಸ್ ನಿಲ್ದಾಣದಲ್ಲಿ, ಪರಿಚಯದವರ ಮುಂದೆ. ಅಷ್ಟರಲ್ಲಿ ಬಸ್ಸು ಬಂತು. "ಏನಿಲ್ಲ ಬಿಡ್ರಿ," ಎಂದಳು. ಎರಡು ದಿನದಲ್ಲಿ ಏನಾಗುತ್ತದೆ ಎಂದುಕೊಂಡಳು. ಹತ್ತಿದಳು.

ಎರಡು ದಿನ ಬಿಟ್ಟು ಹೋಳಿಗೆಯ ಬುತ್ತಿ ಹಿಡಿದು ಮರಳಿ ಬಂದಾಗ ರಹಿಮಾಬಿಯ ಮನೆಗೆ ಕೀಲಿ ಬಿದ್ದಿತ್ತು. ಸುದ್ದಿ ಹೇಳಿದವಳು ಸುಶೀಲವ್ವ. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಶಬೀನಾಳಿಗೆ ಹೆರಿಗೆ ಬ್ಯಾನೆ ಶುರುವಾಗಿದೆ. ತುಂಬಿದ್ದು ಏಳು ತಿಂಗಳು. ಸವಣೂರಿನಿಂದ ತಾಯಿಗೆ ಹನ್ನೊಂದು ಸಲ ಫೋನ್ ಮಾಡಿದ್ದಾರೆ, ಒಂದೂ ಹತ್ತಿಲ್ಲ. ಇವತ್ತು ಬೆಳಿಗ್ಗೆ ಶಬೀನಾಳ ಮೈದುನ ಇರ್ಫಾನ ಮೋಟಾರ್ ಸೈಕಲ್ ತೆಗೆದುಕೊಂಡು ಬಂದು ಹೇಳಿದ ಮೇಲೆಯೇ ಇವರಿಗೆ ಗೊತ್ತು. ಅಷ್ಟರಲ್ಲಿ ಹೆಣ್ಣುಕೂಸು ಹುಟ್ಟಿ, ಹಾವೇರಿಯ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು.

"ರಾತ್ರಿಯೆಲ್ಲ ಆ ಹುಡುಗಿ ಅಮ್ಮಾ ಅಮ್ಮಾ ಅಂತ ಒದರಿತಂತ," ಎಂದಳು ಸುಶೀಲವ್ವ. "ತಾಯಿ ಇದ್ದೂ ಇಲ್ಲದಂಗಾತು ನೋಡು."

ಸರೋಜವ್ವ ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ನೇರ ಅಡುಗೆಮನೆಗೆ ಹೋಗಿ ಡಬ್ಬಿಯ ತಂತಿಯನ್ನು ಎಳೆದಳು. ಪ್ಲಗ್ಗಿನ ಜೊತೆ ಗೋಡೆಯ ಸುಣ್ಣವೂ ಕಿತ್ತು ಬಂತು. "ಏ ಗ್ವಾಡಿ," ಎಂದು ಓಡಿಬಂದ ಗಂಡನಿಗೆ ಅಲ್ಲೇ ನಿಂತು, ಒಂದೂ ಬಿಡದೆ, ಚಟ್ನಿಪುಡಿಯ ದಿನದಿಂದ ಬಸ್ ನಿಲ್ದಾಣದವರೆಗೆ ಹೇಳಿದಳು.

ನಾಗಪ್ಪ ನೆಲದ ಮೇಲೆ ಕೂತ. ಹಿಂದೆಯೇ ಬಂದು ನಿಂತಿದ್ದ ಮಗನಿಗೆ, "ನನ್ನ ಕೈಲೆ ಸಹಿ ಮಾಡಸೂ ಮುಂದ ನಿಮ್ಮಿಬ್ಬರಿಗೂ ಗೊತ್ತಿತ್ತು, ಹೌದಿಲ್ಲೋ?" ಎಂದು ಕೇಳಿದ.

ಸಂಜಯ ಬಾಗಿ ಡಬ್ಬಿಯ ತಂತಿ ಸುತ್ತತೊಡಗಿದ.

"ಸುಮ್ನ ಕಿತ್ತು ಒಗೀರಿ. ಓಣ್ಯಾಗ ರೇಂಜ್ ಬರ್ತದ, ಟವರ್ ಸುದ್ದ ಆತು ಅಂತ ತಿಳ್ಕೋತಾರ. ಯಾರೂ ಏನೂ ಮಾತಾಡೂದು ಬ್ಯಾಡ," ಎಂದು ನಾಗಪ್ಪ ಎದ್ದು ಹೋದ. ಮುಂದೆ ನಾಲ್ಕು ದಿನ ಆತ ಚಹಾದಂಗಡಿಯ ಕಟ್ಟೆಗೆ ಹೋಗಲಿಲ್ಲ. ಮನೆಗೆ ಬಂದ ಒಬ್ಬ ನೆಂಟನಿಗೆ ಗೋಡೆಯನ್ನೂ ತೋರಿಸಲಿಲ್ಲ.

ಓಣಿಯ ಫೋನುಗಳು ಅದೇ ದಿನ ಸರಿಯಾದವು. ಮನೆಯೊಳಗಿನದು ಹೋಯಿತು. ವಾರ ಬಿಟ್ಟು ನೀಲಾಂಬಿಕಾ ಯಾರನ್ನೂ ಕೇಳದೆ ಇಂಟರ್‌ನೆಟ್ ಕೇಬಲ್ಲಿನ ನಯೀಮನನ್ನು ಕರೆಸಿದಳು. ಆತ ಬಂದು, ಮೆಟ್ಟಿಲ ಬಾಗಿಲಿನ ಅದೇ ಸಂದಿಯಿಂದ ನೂಲಿನಂಥ ತಂತಿ ಇಳಿಸಿ, ಪಡಸಾಲೆಯಲ್ಲಿ ವೈಫೈ ಪೆಟ್ಟಿಗೆ ಕೂಡಿಸಿ, ಎಲ್ಲರ ಫೋನಿನಲ್ಲೂ ಏನೋ ಒಂದು ಒತ್ತಿದ. "ವೈಫೈ ಕಾಲಿಂಗ್ ಅಂತಾರ್ರಿ ಇದಕ್ಕ. ಟವರ್ ಬರ್ಲಿ ಬಿಡ್ಲಿ, ಈ ನೆಟ್ಟಿನ ಮ್ಯಾಲೇ ಫೋನ್ ಹೋಗ್ತದ, ಬರ್ತದ. ಓಣ್ಯಾಗ ಯಾರಿಗೂ ಅಡ್ಡಿಲ್ಲ." ಅರ್ಧ ತಾಸಿನ ಕೆಲಸ. ಗೋಡೆಗೆ ಒಂದು ತೂತೂ ಬೀಳಲಿಲ್ಲ.

"ಇಷ್ಟೇ ಏನು?" ಎಂದು ಕೇಳಿದ ನಾಗಪ್ಪ.

"ಇಷ್ಟೇ ರಿ," ಎಂದ ನಯೀಮ. ಆತನಿಗೆ ಈ ಮನೆಯವರು ಯಾಕೆ ಹೀಗೆ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದಾರೆ ಎಂದು ತಿಳಿಯಲಿಲ್ಲ.

ರಹಿಮಾಬಿ ಹಾವೇರಿಯಿಂದ ಮರಳಿದ್ದು ಮೂರು ವಾರದ ಮೇಲೆ. ಕೂಸು ಬದುಕಿತು. ಪೆಟ್ಟಿಗೆಯಿಂದ ಹೊರಗೆ ಬಂತು. ಆದರೆ ಬೀಗತಿ ನೂರಜಹಾನ ಸೊಸೆಯನ್ನೂ ಕೂಸನ್ನೂ ಸೀದಾ ಸವಣೂರಿಗೆ ಕರೆದೊಯ್ದಿದ್ದಳು. ತವರಿನ ಬಾಣಂತನದ ಮಾತೆತ್ತಿದ್ದಕ್ಕೆ, ಫೋನ್ ಎತ್ತಾಕ ಪುರುಸೊತ್ತಿಲ್ಲದ ತಾಯಿ ಬಾಣಂತನ ಏನ್ ಮಾಡ್ತಾಳ ಎಂದಿದ್ದಳು, ದವಾಖಾನೆಯಲ್ಲಿ, ನರ್ಸುಗಳ ಮುಂದೆ. ಅದಕ್ಕಿಂತ ಹೆಚ್ಚಾಗಿ ರಹಿಮಾಬಿಯನ್ನು ತಿಂದದ್ದು, ಮಗಳು ಅದಕ್ಕೆ ಒಂದು ಮಾತೂ ಎದುರಾಡದೆ ಗೋಡೆಯ ಕಡೆ ಹೊರಳಿ ಮಲಗಿದ್ದು.

ದಿನಾ ಹಿತ್ತಲಿಗೆ ಹೋದರೆ ಗೋಡೆಯಾಚೆ ಗಂಡಹೆಂಡಿರ ಜಗಳ ಸರೋಜವ್ವನಿಗೆ ಕೇಳಿಸುತ್ತಿತ್ತು.

"ನಾನ ಕೈಯಾಗ ಹಿಡ್ಕೊಂಡು ಏನೋ ಒತ್ತಿ ಬಂದ್ ಮಾಡಿರಬೇಕು. ನನಗ ಬರಂಗಿಲ್ಲ ಅಂತ ಬಡ್ಕೊಂಡೆ, ಎರಡಕ್ಷರ ಓದದಾಕಿ ಕೈಯಾಗ ಅದನ್ನ ಕೊಟ್ರಿ."

"ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ್ರ ಬರ್ತಿತ್ತಲ್ಲ. ದಿನಾ ಅಲ್ಲಿ ಹೋಗಿ ನಿಲ್ಲಾಕ ಏನಾಗಿತ್ತು ನಿನಗ?"

"ಐದಕ್ಕ ಹೋಗಿ ನಿಂತಿದ್ನಿ, ಆ ಹೊತ್ತಿನ್ಯಾಗ ಅವ್ರು ಹಚ್ಚಲಿಲ್ಲ, ನಾ ಹಚ್ಚಿದ್ರ ಎತ್ತಲಿಲ್ಲ. ಹತ್ತಕ್ಕ ಬ್ಯಾನಿ ಬರ್ತಾವಂತ ನನಗೇನು ಕನಸು ಬಿದ್ದಿತ್ತೇನು?"

ಸರೋಜವ್ವ ತಾಟು ತೊಳೆಯುವ ಕೈ ನಿಲ್ಲಿಸಿ ಕೇಳುವಳು. ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ರಹಿಮಾಬಿಯೇ ಬಂದಳು.

"ಕೂಸಿಗೆ ನಲವತ್ತು ದಿನ ತುಂಬೂದ್ರಾಗ ಒಮ್ಮೆ ಕೇಳಿ ನೋಡ್ತೇನಿ ಸರೋಜಕ್ಕ. ನಾಳೆ ಸವಣೂರಿಗೆ ಹೊಂಟೇನಿ. ಒಬ್ಬಾಕಿ ಹೋದ್ರ ಆ ಬೀಗತಿ ನನ್ನ ಒಳಗ ಕರಿಯಂಗಿಲ್ಲ. ನೀ ಜೋಡಿ ಬರ್ತೀಯೇನು? ನಿನ್ನ ಮುಖಕ್ಕರ ಮರ್ಯಾದಿ ಕೊಡ್ತಾಳ."

"ಬರ್ತೇನಿ," ಎಂದಳು ಸರೋಜವ್ವ.

ನಾಗಪ್ಪನಿಗೆ ತಿಳಿಸಿದಾಗ, "ಹೋಗಿ ಏನ್ ಹೇಳ್ತಿ?" ಎಂದು ಕೇಳಿದ.

"ಇದ್ದದ್ದು ಹೇಳ್ತೇನ್ರಿ."

"ನಾಳೆಯಿಂದ ಈ ಓಣ್ಯಾಗ ನಾವು ಹೆಂಗ ಇರೂದು?"

"ಇಲ್ಲಿತನಕ ಹೆಂಗಿದ್ವಿ ಅನ್ನೂದನ್ನ ಮೊದಲ ವಿಚಾರ ಮಾಡ್ರಿ," ಎಂದಳು ಸರೋಜವ್ವ. ಮದುವೆಯಾದ ಮೂವತ್ತೈದು ವರ್ಷದಲ್ಲಿ ಆಕೆ ಗಂಡನಿಗೆ ಹೀಗೆ ಹೇಳಿದ್ದು ಇದೇ ಮೊದಲು.

ಮೊದಲ ಬಸ್ಸಿಗೆ ಹೊರಟರು. ಶಿಗ್ಗಾವಿಯಲ್ಲಿ ಇಳಿದು ಸವಣೂರಿನ ಬಸ್ಸಿಗೆ ಕಾಯುವಾಗ ರಹಿಮಾಬಿ ಬುತ್ತಿ ಬಿಚ್ಚಿ ಚಪಾತಿಯಲ್ಲಿ ಅರ್ಧ ಮುರಿದು ಕೊಟ್ಟಳು. "ನಮ್ಮ ಸಲುವಾಗಿ ಮನಿ ಕೆಲಸ ಬಿಟ್ಟು ಬಂದೀ. ಸ್ವಂತ ತಂಗಿಯಾದ್ರೂ ಇಷ್ಟು ಮಾಡಂಗಿಲ್ಲ," ಎಂದಳು. ಹೇಳಿಬಿಡಬೇಕೆಂದು ಸರೋಜವ್ವ ಬಾಯಿ ತೆರೆದಳು. ಈಗ ಹೇಳಿದರೆ ಈಕೆ ಇಲ್ಲಿಂದಲೇ ತಿರುಗಿ ಹೋದಾಳು, ಬೀಗತಿಗೆ ಹೇಳುವವರು ಯಾರು ಎಂದು ನೆಪ ಮಾಡಿಕೊಂಡಳು. ಚಪಾತಿಯನ್ನು ಹಾಗೇ ಕೈಯಲ್ಲಿ ಹಿಡಿದು ಕೂತಳು.

ನೂರಜಹಾನಳ ಮನೆಯವರದು ವೀಳ್ಯದೆಲೆಯ ವ್ಯಾಪಾರ. ಪಡಸಾಲೆಯ ತುಂಬ ಎಲೆಯ ಪೆಂಡಿಗಳು. ಚಾಪೆ ಹಾಸಿ, ನೀರು ಕೊಟ್ಟು, ನೂರಜಹಾನ ಸರೋಜವ್ವನ ಕಡೆಗಷ್ಟೇ ನೋಡಿ ಮಾತಾಡಿದಳು. ಶಬೀನಾ ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ಒಳಕೋಣೆಯ ಹೊಸ್ತಿಲಿಗೆ ಹಿಂದೆ ಸರಿದು ನಿಂತಳು. ರಹಿಮಾಬಿ ಮೊಮ್ಮಗಳ ಅಂಗಾಲು ಒತ್ತುತ್ತ, "ನಲವತ್ತು ದಿನಕ್ಕರ ಕಳಸ್ರಿ ಬೀಗತಿ," ಎಂದು ಕೇಳಿದಳು.

"ಯಾವ ಭರವಸಿ ಮ್ಯಾಲೆ ಕಳಸ್ಲಿ?" ಎಂದಳು ನೂರಜಹಾನ. "ಹನ್ನೊಂದು ಸಲ ಹಚ್ಚೇವಿ. ಟವರ್ ಕೆಟ್ಟಿತ್ತು ಅಂತೀರಿ, ಮತ್ತ ದಿನಾ ಐದಕ್ಕ ಹೆಂಗ ಬರ್ತಿತ್ತು? ಮಗಳು ಸಾಯಾಕತ್ತಿದ್ಳು, ತಾಯಿಗೆ ಫೋನಿನ ಕಡೆ ಖಬರಿಲ್ಲ. ನಾಳೆ ಕೂಸಿಗೆ ಏನರ ಆದ್ರ ನಮಗ ಹೆಂಗ ತಿಳಿತೈತಿ?"

ರಹಿಮಾಬಿ ತಲೆ ತಗ್ಗಿಸಿದಳು. "ತಪ್ಪಾತ್ರಿ," ಎಂದಳು.

ಆ 'ತಪ್ಪಾತ್ರಿ' ಸರೋಜವ್ವನಿಗೆ ಕೇಳಲಾಗಲಿಲ್ಲ. "ತಪ್ಪು ಅಕೀದಲ್ಲ," ಎಂದಳು. ಧ್ವನಿ ತನ್ನದೇ ಅನ್ನಿಸಲಿಲ್ಲ. "ಅಕೀ ಫೋನ್ ರಿಂಗ್ ಆಗಲೇ ಇಲ್ರಿ. ಆಗದಂಗ ಮಾಡಿದ್ದು ನಮ್ಮ ಮನಿ. ನಮ್ಮ ಮನಿಗೆ ರೇಂಜ್ ಬರ್ಲಿ ಅಂತ ಒಂದು ಡಬ್ಬಿ ತಂದು ಹಚ್ಚಿದ್ವಿ. ಅದು ಓಣೀದೆಲ್ಲಾ ಕೆಡಸ್ತಿತ್ತು. ನಮಗ ಗೊತ್ತಿತ್ತು. ನನಗ ಗೊತ್ತಿತ್ತು. ಅದನ್ನ ಹಚ್ಚಿಟ್ಟು, ಕೀಲಿ ಹಾಕ್ಕೊಂಡು ಹಂಸಭಾವಿಗೆ ಹೋಗಿದ್ವಿ. ಅಕೀ ಕೀಲಿ ಕೇಳಿದ್ಳು, ನಾ ಕೊಡಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ನೆನಪಾತು, ಹೊಳ್ಳಿ ಹೋಗಲಿಲ್ಲ."

ನೂರಜಹಾನ ಒಮ್ಮೆ ಸರೋಜವ್ವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಬೀಗತಿಯ ಕಡೆ ತಿರುಗಿದಳು. "ನಾ ಭಾಳ ಅಂದ್ನಿ ನಿಮಗ," ಎಂದಳು. "ಮಂದಿ ಮುಂದ ಅಂದ್ನಿ. ಕರ್ಕೊಂಡು ಹೋಗ್ರಿ. ಇರ್ಫಾನಗ ಕಾರ್ ಹೇಳ್ತೇನಿ, ಬಸ್ಸಿನ್ಯಾಗ ಬ್ಯಾಡ."

ಶಬೀನಾ ಹೊಸ್ತಿಲಿನಿಂದ ಬಂದು ತಾಯಿಯ ಪಕ್ಕದಲ್ಲಿ ಕೂತಳು. ಆಕೆಯ ಹೆಗಲಿಗೆ ಹಣೆ ಹಚ್ಚಿದಳು. ರಹಿಮಾಬಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಆದರೆ ನೋಡುತ್ತಿದ್ದುದು ಸರೋಜವ್ವನನ್ನು.

"ಯಾವಾಗಿಂದ ಗೊತ್ತಿತ್ತು?"

"ಚಟ್ನಿಪುಡಿ ಮಾಡಿದ ದಿನ. ನಿನ್ನ ಫೋನ್ ಬಂದು ಹೋತಲ್ಲ, ಅವತ್ತು."

ರಹಿಮಾಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಅದಾದ ಮ್ಯಾಲೆ ಒಂದು ತಿಂಗಳಾ ದಿನಾ ಬಂದೇನಿ ನಿಮ್ಮ ಮನಿಗೆ. ದಿನಾ ಹೋಗುಮುಂದ ನಿನ್ನ ಕೈ ಹಿಡ್ಕೊಂಡು, ಖುದಾ ನಿನ್ನ ಮಕ್ಕಳನ್ನ ಛಲೋ ಇಡ್ಲಿ ಅಂತಿದ್ನಿ. ಆವಾಗ ನೀ ಏನಂತಿದ್ದಿ?"

ಸರೋಜವ್ವನಿಗೆ ನೆನಪಿತ್ತು. ಹೇಳಲೇಬೇಕಾಯಿತು.

"ಇರ್ಲಿ ಬಿಡವಾ, ನಾನೇನು ದೊಡ್ಡ ಉಪಕಾರ ಮಾಡೇನಿ, ಅಂತಿದ್ನಿ."

"ಹೂಂ," ಎಂದಳು ರಹಿಮಾಬಿ. ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಸರೋಜವ್ವ ಬದುಕಿಕೊಳ್ಳುತ್ತಿದ್ದಳು. ರಹಿಮಾಬಿ ಎದ್ದಳು. ಮಗಳ ಬಟ್ಟೆಯ ಗಂಟು ಕಟ್ಟಲು ಎರಡೂ ಕೈ ಬೇಕಾದವು. ಅತ್ತಿತ್ತ ನೋಡಿದಳು, ನೂರಜಹಾನ ಕಾರ್ ಹೇಳಲು ಹೋಗಿದ್ದಳು, ಶಬೀನಾ ಒಳಗೆ ಬಟ್ಟೆ ತೆಗೆಯುತ್ತಿದ್ದಳು.

"ಹಿಡಿ," ಎಂದು ಕೂಸನ್ನು ಸರೋಜವ್ವನ ಮಡಿಲಿಗೆ ಹಾಕಿದಳು. "ಕುತ್ತಿಗಿ ನೋಡ್ಕೊ."

ಕೂಸು ಎರಡು ಕಿಲೋ ಸಹ ಇರಲಿಲ್ಲ. ಕಾರಿನಲ್ಲಿ ಶಬೀನಾ ತಾಯಿಯ ಹೆಗಲ ಮೇಲೆ ನಿದ್ದೆ ಹೋದದ್ದರಿಂದ ಅದು ಸರೋಜವ್ವನ ಹತ್ತಿರವೇ ಉಳಿಯಿತು. ಶಿಗ್ಗಾವಿ ದಾಟುವವರೆಗೂ ಆಕೆ ಅದರ ಮುಖ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಹಾನಗಲ್ಲಿನ ಹತ್ತಿರ ಅದು ಎಚ್ಚೆತ್ತು, ಬೆಕ್ಕಿನ ಮರಿಯಂತೆ ಸಣ್ಣಗೆ ಅತ್ತಿತು.

"ಕೊಡಿಲ್ಲೆ," ಎಂದು ರಹಿಮಾಬಿ ಕೈ ಚಾಚಿ, ಮುಖ ನೋಡದೆ ಕೂಸನ್ನು ತೆಗೆದುಕೊಂಡಳು. ಅಕ್ಕಿಆಲೂರು ಬರುವವರೆಗೂ ಸರೋಜವ್ವ ತನ್ನ ಎರಡು ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಕೂತಿದ್ದಳು.